ವಾದ್ಯವೃಂದದಲ್ಲಿ ಪ್ರಶ್ನೆ ಮತ್ತು ಪರಿಹಾಸ

ಹಲವು ವಾದ್ಯಗಳು ಒಂದೇ ಶ್ರುತಿಗೆ ಸೇರಿ, ಒಂದೇ ಲಯಕ್ಕೆ ಒಳಪಟ್ಟು ನುಡಿಯುವ ಕೂಟಕ್ಕೆ ವಾದ್ಯವೃಂದವೆಂದು ಹೆಸರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಇದನ್ನು ‘ಕುತಪ’ವೆಂದು ಕರೆದಿದ್ದಾನೆ, ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾನೆ. ತಂತಿಯುಳ್ಳವು ತತ, ಗಾಳಿಯಿಂದ ನುಡಿಯುವವು ಸುಷಿರ, ಚರ್ಮವನ್ನು ಹೊದಿಸಿದವು ಅವನದ್ಧ, ಲೋಹದ ತಾಳಗಳೇ ಮೊದಲಾದವು ಘನ. ಪಾಶ್ಚಾತ್ಯ ದೇಶಗಳಿಂದ ಬಂದು, ಇಂದು ಶಾಲೆಯ ಕವಾಯತಿನಿಂದ ಮದುವೆಯ ಮೆರವಣಿಗೆಯವರೆಗೆ ಎಲ್ಲೆಡೆಯೂ ಕೇಳಿಬರುವ ‘ಬ್ಯಾಂಡ್’ ಎಂಬ ವೃಂದದಲ್ಲಿ ತತವಾದ್ಯಗಳು ಸಾಮಾನ್ಯವಾಗಿ ಇರುವುದಿಲ್ಲ. ಉಳಿದ ಮೂರು ವರ್ಗಗಳದೇ ಅಲ್ಲಿ ಆಳ್ವಿಕೆ.

ಈ ವೃಂದದಲ್ಲಿ ವಿದ್ಯೆಯು ಹಸ್ತಾಂತರವಾಗುವ ಕ್ರಮ ವಿಶಿಷ್ಟವಾದುದು. ವೀಣೆಯನ್ನೋ ಪಿಟೀಲನ್ನೋ ಕಲಿಯುವ ಶಿಷ್ಯನು ಗುರುವಿನ ಎದುರು ಒಬ್ಬನೇ ಕುಳಿತಿರುತ್ತಾನೆ. ಅವನ ತಪ್ಪು ಗುರುವಿಗೆ ಮಾತ್ರ ಕೇಳಿಸುತ್ತದೆ. ಬ್ಯಾಂಡಿಗೆ ಸೇರಿದ ಹೊಸಬನಾದರೋ ಮೂವತ್ತು ನಲವತ್ತು ಮಂದಿಯ ನಡುವೆ ಕುಳಿತಿರುತ್ತಾನೆ. ನಾಯಕನಿಗೆ ಒಬ್ಬೊಬ್ಬನ ಸಂಶಯವನ್ನೂ ಬಿಡಿಸುವಷ್ಟು ಬಿಡುವಿಲ್ಲ. ಆದುದರಿಂದ ಪ್ರಶ್ನೆಯು ಪಕ್ಕದವನ ಪಾಲಿಗೆ ಬರುತ್ತದೆ. ಪಕ್ಕದವನು ಗುರುವೂ ಅಲ್ಲ, ಸಹಪಾಠಿಯಷ್ಟೇ ಆಗಿಯೂ ಉಳಿದಿಲ್ಲ; ನಾಲ್ಕು ವರ್ಷ ಮುಂದೆ ನಡೆದಿರುವ ಅಣ್ಣ. ಅವನ ಉತ್ತರ ಅನೇಕ ವೇಳೆ ನಗೆಯ ಲೇಪದೊಡನೆ ಬರುತ್ತದೆ. ಆ ನಗೆಯು ಹೊಸಬನನ್ನು ಒಳಗೆ ಕರೆದುಕೊಳ್ಳಲೂಬಹುದು, ಹೊರಗೆ ಅಟ್ಟಲೂಬಹುದು. ವೃಂದದ ಅಳಿವು ಉಳಿವು ಬಹುಮಟ್ಟಿಗೆ ಇದನ್ನು ಅವಲಂಬಿಸಿರುವುದರಿಂದ ಪ್ರಶ್ನೆ, ಪರಿಹಾಸ ಇವೆರಡರ ಸ್ವರೂಪವನ್ನು ಕ್ರಮವಾಗಿ ವಿವೇಚಿಸುವುದು ಉಚಿತವಾಗಿದೆ.

ಮೊದಲ ಪ್ರಶ್ನೆಗಳು

ಹೊಸಬನ ಪ್ರಶ್ನೆಗಳು ಮೇಲುನೋಟಕ್ಕೆ ಬಾಲಿಶವಾಗಿ ತೋರುತ್ತವೆ. ಆದರೆ ಅವುಗಳಲ್ಲಿ ಒಂದಾದರೂ ನಿಜವಾಗಿ ಬಾಲಿಶವಲ್ಲ. ಒಂದೊಂದೂ ನಾದಶಾಸ್ತ್ರದ ಯಾವುದೋ ಒಂದು ಮೂಲತತ್ತ್ವದ ಬಾಗಿಲನ್ನು ತಟ್ಟುತ್ತದೆ.

“ಇಷ್ಟು ಬಲವಾಗಿ ಊದಿದರೂ ನಾದವೇಕೆ ಹೊರಡದು?” ಎಂಬುದು ಟ್ರಂಪೆಟ್ಟನ್ನು ಕೈಗೆ ತೆಗೆದುಕೊಂಡವನ ಮೊದಲ ಪ್ರಶ್ನೆ. ಉತ್ತರವಿಷ್ಟೆ: ಆ ವಾದ್ಯದಲ್ಲಿ ನಾದವನ್ನು ಹುಟ್ಟಿಸುವುದು ಲೋಹವಲ್ಲ, ತುಟಿ. ಬಿಗಿಹಿಡಿದ ತುಟಿಗಳು ಉಸಿರಿನ ಒತ್ತಡಕ್ಕೆ ಅದುರಬೇಕು. ಆ ಅದಿರುವಿಕೆಯನ್ನು ಕೊಳವೆಯೊಳಗಣ ಗಾಳಿಯು ಎತ್ತಿಕೊಂಡು ಬೆಳೆಸುತ್ತದೆ. ಶಂಖವನ್ನು ಊದಬಲ್ಲವನು ಇದನ್ನು ಕ್ಷಣದಲ್ಲಿ ಅರಿಯುತ್ತಾನೆ. ಕ್ಲಾರಿನೆಟ್ಟಿನಲ್ಲಿ ಅದೇ ಕೆಲಸವನ್ನು ದಂಟಿನಿಂದ ಹೆರೆದ ಒಂದು ತೆಳುಪಟ್ಟಿ ಮಾಡುತ್ತದೆ; ಓಬೋ ವಾದ್ಯದಲ್ಲಿ ಅಂತಹ ಎರಡು ಪಟ್ಟಿಗಳು ಜೋಡಿಯಾಗಿರುತ್ತವೆ; ಕೊಳಲಿನಲ್ಲಿ ರಂಧ್ರದ ಅಂಚಿಗೆ ತಾಗಿ ಸೀಳುವ ಗಾಳಿಯೇ ಸಾಕು. ಹಿತ್ತಾಳೆಯ ಮೈಯುಳ್ಳ ಸ್ಯಾಕ್ಸೋಫೋನನ್ನು ಮರದ ವಾದ್ಯಗಳ ಸಾಲಿನಲ್ಲಿ ಏಕೆ ಕೂರಿಸುತ್ತಾರೆಂಬ ಮತ್ತೊಂದು ಪ್ರಶ್ನೆಗೂ ಇಲ್ಲಿಯೇ ಸಮಾಧಾನವುಂಟು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಎಂಬ ಶಿಲ್ಪಿಯು ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದ ಬಾಯಲ್ಲಿ ದಂಟಿನ ಪಟ್ಟಿಯೇ ಇದೆ. ಕುಲವನ್ನು ನಿರ್ಣಯಿಸುವುದು ಮೈಬಣ್ಣವಲ್ಲ, ನಾದದ ಹುಟ್ಟು.

“ಮೂರೇ ಗುಂಡಿಗಳಿಂದ ಇಷ್ಟೊಂದು ಸ್ವರಗಳು ಹೇಗೆ?” ಎಂಬುದು ಎರಡನೆಯದು. ಪೂರ್ವದಲ್ಲಿ ತುತ್ತೂರಿಗೆ ಗುಂಡಿಗಳೇ ಇರಲಿಲ್ಲ; ತುಟಿಯ ಬಿಗಿತವನ್ನು ಬದಲಿಸಿ ಕೆಲವೇ ಸ್ವರಗಳನ್ನು ಹೊರಡಿಸುತ್ತಿದ್ದರು. 1814ರಿಂದ 1818ರ ಸುಮಾರಿಗೆ ಜರ್ಮನ್ ದೇಶದ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರ ಪ್ರಯತ್ನದಿಂದ ಕವಾಟವು ಬಳಕೆಗೆ ಬಂದಿತು. ಗುಂಡಿಯನ್ನು ಒತ್ತಿದೊಡನೆ ಗಾಳಿಯು ಒಂದು ಬಳಸುದಾರಿಯನ್ನು ಹಿಡಿಯುತ್ತದೆ. ದಾರಿ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಎರಡನೆಯ ಗುಂಡಿಯು ಅರ್ಧಸ್ವರ, ಮೊದಲನೆಯದು ಪೂರ್ಣಸ್ವರ, ಮೂರನೆಯದು ಒಂದೂವರೆ ಸ್ವರದಷ್ಟು ಇಳಿಸುತ್ತದೆ. ಮೂರು ಗುಂಡಿಗಳನ್ನು 8 ಬಗೆಯಲ್ಲಿ ಕೂಡಿಸಬಹುದು. ಪ್ರತಿಯೊಂದು ಕೂಟಕ್ಕೂ ತುಟಿಯು ಹಲವು ಸ್ವರಗಳನ್ನು ಕೊಡುತ್ತದೆ. ಲೆಕ್ಕವು ಹೀಗೆ ತುಂಬಿಬರುತ್ತದೆ.

ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ಕಠಿಣವಾದುದು. ಒಂದೇ ಹೆಸರಿನ ಸ್ವರವನ್ನು ಕೊಳಲಿನವನೂ, ಕ್ಲಾರಿನೆಟ್ಟಿನವನೂ, ಆಲ್ಟೋ ಸ್ಯಾಕ್ಸೋಫೋನಿನವನೂ ತಂತಮ್ಮ ಹಾಳೆಯನ್ನು ನೋಡಿ ನುಡಿಸಿದರೆ ಮೂರು ಬೇರೆ ಬೇರೆ ನಾದಗಳು ಕೇಳಿಸುತ್ತವೆ. ಹೊಸಬನು ತಪ್ಪು ತನ್ನದೆಂದೇ ಬಗೆದು ಬೆವರುತ್ತಾನೆ. ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ. ಗಾಯಕನ ಷಡ್ಜವೂ ಗಾಯಕಿಯ ಷಡ್ಜವೂ ಹೆಸರಿನಲ್ಲಿ ಒಂದೇ, ಶ್ರುತಿಯಲ್ಲಿ ಬೇರೆ. ಬ್ಯಾಂಡಿನ ವಾದ್ಯಗಳೂ ಅಂತೆಯೇ: ಸಾಮಾನ್ಯ ಕ್ಲಾರಿನೆಟ್ಟು, ಟ್ರಂಪೆಟ್ಟುಗಳಲ್ಲಿ ಬರೆದ ಸ್ವರಕ್ಕಿಂತ ಒಂದು ಪೂರ್ಣಸ್ವರ ಕೆಳಗಿನ ನಾದ ಹೊರಡುತ್ತದೆ, ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಇನ್ನೂ ಕೆಳಗೆ. ಗಾತ್ರದಲ್ಲಿ ಬೇರೆಯಾದ ಸ್ಯಾಕ್ಸೋಫೋನುಗಳೆಲ್ಲಕ್ಕೂ ಒಂದೇ ಬೆರಳುಕ್ರಮ ಸಾಕಾಗಲಿ ಎಂಬ ಅನುಕೂಲಕ್ಕಾಗಿ ಈ ಏರ್ಪಾಡು. ಇದನ್ನು ಕೇಳದೆಯೇ ಒಂದು ವರ್ಷವನ್ನು ಗೊಂದಲದಲ್ಲಿ ಕಳೆದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

“ಬೆಳಗ್ಗೆ ಸರಿಯಾಗಿದ್ದ ಶ್ರುತಿ ಮಧ್ಯಾಹ್ನ ಏಕೆ ಏರಿತು?” ಎಂಬ ಪ್ರಶ್ನೆಗೆ ಭೌತಶಾಸ್ತ್ರವು ಉತ್ತರಿಸುತ್ತದೆ. ಶೂನ್ಯ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸೆಕೆಂಡಿಗೆ 331 ಮೀಟರ್ ಓಡುವ ಶಬ್ದವು, ಡಿಗ್ರಿಗೆ ಸುಮಾರು 0.6 ಮೀಟರಿನಂತೆ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಶ್ರುತಿಯು ಅರ್ಧಸ್ವರದ ಮೂರರಲ್ಲೊಂದು ಪಾಲಿಗೆ ಸಮೀಪವಾಗಿ ಏರುತ್ತದೆ. ಪಿಟೀಲಿನ ತಂತಿಯಾದರೋ ಬಿಸಿಗೆ ಸಡಿಲಿ ಇಳಿಯುತ್ತದೆ. ಆದ್ದರಿಂದಲೇ ವೃಂದವು ನುಡಿಸುವ ಮೊದಲು ವಾದ್ಯವನ್ನು ಉಸಿರಿನಿಂದ ಬೆಚ್ಚಗೆ ಮಾಡಿಕೊಂಡು, ಬಳಿಕ ಶ್ರುತಿ ಸೇರಿಸುತ್ತದೆ. ಪಾಶ್ಚಾತ್ಯರ ಪಿಟೀಲು ಪ್ರಧಾನವಾದ ದೊಡ್ಡ ವೃಂದದಲ್ಲಿ ಓಬೋ ಶ್ರುತಿಯನ್ನು ಕೊಡುತ್ತದೆ. ಸೆಕೆಂಡಿಗೆ 440 ಕಂಪನಗಳೆಂಬ ಪ್ರಮಾಣಕ್ಕೆ 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಒಪ್ಪಿಗೆಯಿತ್ತಿತು.

ಕೊಂಬಿನ ಕೆಳಗೆ ತೊಟ್ಟಿಕ್ಕುವ ನೀರನ್ನು ಕಂಡು ಮೂಗುಮುರಿಯುವ ಹೊಸಬರೂ ಉಂಟು. ಅದು ಬಹುಪಾಲು ಎಂಜಲಲ್ಲ. ಬಿಸಿಯುಸಿರಿನ ಆವಿಯು ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿದ ನೀರು. “ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ” ಎಂಬ ಗಾದೆಯ ಎರಡನೆಯ ಪಾದವು ಬ್ಯಾಂಡಿನವರಿಗೆ ಅನ್ವಯಿಸುವುದಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಹಾಸ್ಯದ ಮೂಲ

ಇನ್ನು ಪರಿಹಾಸದ ವಿಚಾರ. ವಾದ್ಯಗಾರರಲ್ಲಿ ಪ್ರತಿಯೊಂದು ವಾದ್ಯದವರ ಮೇಲೂ ಒಂದೊಂದು ಬಗೆಯ ನಗೆಮಾತು ರೂಢಿಯಲ್ಲಿದೆ. ಡ್ರಮ್ಮಿನವನಿಗೆ ಸ್ವರಜ್ಞಾನವಿಲ್ಲ, ಟ್ರಂಪೆಟ್ಟಿನವನಿಗೆ ಅಹಂಕಾರ ಹೆಚ್ಚು, ಟ್ರಾಂಬೋನಿನವನ ಮುಂದೆ ಕುಳಿತವನಿಗೆ ಬೆನ್ನಿನ ಭಯ ತಪ್ಪದು ಎಂದು ಮುಂತಾಗಿ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ವಾದ್ಯದವರಂತೂ ಈ ಪರಿಹಾಸಕ್ಕೆ ಶಾಶ್ವತ ಗುರಿ. ವಯೋಲಾಕ್ಕೂ ಪಿಟೀಲಿಗೂ ಏನು ಭೇದವೆಂದು ಒಬ್ಬ ಕೇಳಿದರೆ, ವಯೋಲಾ ಹೆಚ್ಚು ಹೊತ್ತು ಉರಿಯುತ್ತದೆ ಎಂದು ಇನ್ನೊಬ್ಬ ಹೇಳುವನು.

ಇದಕ್ಕೆ ಐತಿಹಾಸಿಕ ಕಾರಣವಿದೆ. ಪ್ರಷ್ಯದ ದೊರೆಯ ಆಸ್ಥಾನದಲ್ಲಿ ಕೊಳಲುಗಾರನಾಗಿದ್ದ ಕ್ವಾಂಟ್ಸ್ ಎಂಬ ವಿದ್ವಾಂಸನು 1752ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಯೋಲಾ ವಾದ್ಯವನ್ನು ಜನರು ಲಘುವಾಗಿ ಕಾಣುತ್ತಾರೆಂದೂ, ಹೊಸಬರನ್ನು ಅಥವಾ ವಿಶೇಷ ಪ್ರತಿಭೆಯಿಲ್ಲದವರನ್ನು ಅಲ್ಲಿ ಕೂರಿಸುವುದೇ ಅದಕ್ಕೆ ಕಾರಣವಾಗಿರಬಹುದೆಂದೂ ಹೇಳಿ, ಆ ಭಾವನೆ ಸರಿಯಲ್ಲವೆಂದು ವಾದಿಸಿದ್ದಾನೆ. ಆರಂಭಿಕನಿಗೆ ಕೊಟ್ಟ ಆಸನವೇ ನಗೆಗೀಡಾದ ಆಸನವಾಯಿತೆಂದು ಇದರ ತಾತ್ಪರ್ಯ. ಆದರೆ ಅದೇ ಆಸನವನ್ನು ಬಾಖ್, ಮೋಟ್ಸಾರ್ಟರಂತಹ ಮಹನೀಯರು ಇಷ್ಟಪಟ್ಟು ಆರಿಸಿಕೊಂಡು, ವೃಂದದ ನಡುವಿನಿಂದ ಎಲ್ಲ ಸ್ವರಗಳ ಸಂಗಮವನ್ನು ಆಲಿಸುತ್ತಿದ್ದರು.

ಕಾಯುವಿಕೆಯೂ ಹಾಸ್ಯದ ಮತ್ತೊಂದು ತವರು. ಡ್ವೊರ್ಷಾಕನು 1893ರಲ್ಲಿ ರಚಿಸಿದ ‘ನ್ಯೂ ವರ್ಲ್ಡ್’ ಎಂಬ ಪ್ರಸಿದ್ಧ ಸಿಂಫನಿಯಲ್ಲಿ ದೊಡ್ಡ ತಾಳಕ್ಕೆ ಒಂದೇ ಒಂದು ಪೆಟ್ಟು. ಅದೂ ನಾಲ್ಕನೆಯ ಭಾಗದಲ್ಲಿ, ಮೆಲ್ಲನೆ. ಮೊದಲ ಮೂರು ಭಾಗಗಳು ಮುಗಿಯುವವರೆಗೆ ತಾಳದವನು ಎಣಿಸುತ್ತ ಕುಳಿತಿರಬೇಕು. ಅವನಿಗೂ ಪೂರ್ಣ ಸಂಬಳವೇ ಎಂದು ಹೊಸಬನು ಕೇಳದಿರುವನೇ! ಸಂಬಳ ಬಾರಿಸುವುದಕ್ಕಲ್ಲ, ಎಣಿಕೆ ತಪ್ಪದಿರುವುದಕ್ಕೆ ಎಂಬ ಉತ್ತರವು ನಗೆಮಾತೂ ಹೌದು, ಪಾಠವೂ ಹೌದು. ಮೌನವೂ ಸಂಗೀತದ ಅಂಗವೆಂಬ ತತ್ತ್ವವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಹೊಸಬನನ್ನು ಟ್ರಾಂಬೋನಿಗೆ ಕವಾಟದ ಎಣ್ಣೆ ತರಲು ಕಳುಹಿಸುವ ಚೇಷ್ಟೆಯೂ ಇಂತಹದೇ. ಸಾಮಾನ್ಯ ಟ್ರಾಂಬೋನಿಗೆ ಕವಾಟವೇ ಇಲ್ಲ. ಜಾರುವ ಕೊಳವೆಯಿಂದಲೇ ಅದರ ಸ್ವರಭೇದ. ಒಮ್ಮೆ ಅಂಗಡಿಯವರೆಗೆ ನಡೆದು ಬಂದವನು ಆ ವಾದ್ಯದ ರಚನೆಯನ್ನು ಜನ್ಮದಲ್ಲಿ ಮರೆಯಲಾರನು.

ಮಹಾಕೃತಿಕಾರರೂ ಈ ಬಳಗದ ನಗೆಯಿಂದ ದೂರವಿರಲಿಲ್ಲ. 1772ರಲ್ಲಿ ಹಂಗೇರಿಯ ಎಸ್ಟರ್‌ಹಾಜಾ ಅರಮನೆಯಲ್ಲಿ ರಾಜಕುಮಾರ ನಿಕೋಲಸನು ತಂಗುವ ಅವಧಿಯನ್ನು ಬೆಳೆಸುತ್ತ ಹೋದುದರಿಂದ, ಹೆಂಡಿರು ಮಕ್ಕಳನ್ನು ದೂರದ ಊರಿನಲ್ಲಿ ಬಿಟ್ಟುಬಂದಿದ್ದ ವಾದ್ಯಗಾರರು ಕಂಗೆಟ್ಟರು. ಅವರ ನಾಯಕನಾದ ಹೈಡನ್ನನು ಒಂದು ಸಿಂಫನಿಯನ್ನು ರಚಿಸಿದನು. ಅದರ ಅಂತ್ಯದಲ್ಲಿ ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿ, ಮೇಣದ ದೀಪವನ್ನಾರಿಸಿ ಎದ್ದುಹೋಗುವರು. ಕಡೆಗೆ ಎರಡು ಪಿಟೀಲುಗಳು ಮಾತ್ರ ಮೆಲ್ಲನೆ ನುಡಿಯುತ್ತಿರುವುವು. ಸಂಕೇತವನ್ನರಿತ ರಾಜಕುಮಾರನು ಹೊರಡಲು ಅಪ್ಪಣೆಯಿತ್ತನೆಂದು ಪ್ರತೀತಿಯಿದೆ. ಬಾಯಿಬಿಟ್ಟು ಕೇಳಲಾಗದ ಬೇಡಿಕೆಯನ್ನು ಹಾಸ್ಯವು ಯಾರ ಮಾನಕ್ಕೂ ಕುಂದು ಬಾರದಂತೆ ಮುಟ್ಟಿಸಿತು.

1787ರಲ್ಲಿ ಮೋಟ್ಸಾರ್ಟನು ‘ಸಂಗೀತದ ಹಾಸ್ಯ’ವೆಂಬ ಕೃತಿಯೊಂದನ್ನು ರಚಿಸಿ, ಅದರಲ್ಲಿ ಕೊಂಬುಗಳಿಂದ ಅಪಸ್ವರಗಳನ್ನು ನುಡಿಸಿ, ಕೊನೆಯ ಸ್ವರಮೇಳದಲ್ಲಿ ಒಂದೊಂದು ವಾದ್ಯವನ್ನು ಒಂದೊಂದು ಶ್ರುತಿಗೆ ಎಳೆದಿದ್ದಾನೆ. ಸರಿಯಾದುದು ಯಾವುದೆಂದು ತಿಳಿಯದವನು ಈ ಕೃತಿಯನ್ನು ಕೇಳಿ ನಗಲಾರನು. ಆದುದರಿಂದ ವಾದ್ಯಗಾರರ ಹಾಸ್ಯವು ಒಂದು ಬಗೆಯ ಪರೀಕ್ಷೆಯೂ ಆಗಿದೆ. ನಿನ್ನೆ ಅರ್ಥವಾಗದಿದ್ದ ನಗೆಮಾತಿಗೆ ಹೊಸಬನು ಇಂದು ತಾನಾಗಿಯೇ ನಕ್ಕರೆ, ಅವನು ಅಷ್ಟರಮಟ್ಟಿಗೆ ಬಲ್ಲವನಾದನೆಂದು ತಿಳಿಯಬೇಕು.

ಸ್ಮಿತವೋ ಅಪಹಸಿತವೋ

ಎಲ್ಲ ನಗೆಯೂ ಒಂದೇ ತೂಕದ್ದಲ್ಲ. ಭರತನು ಹಾಸ್ಯರಸವನ್ನು ನಿರೂಪಿಸುತ್ತ, ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂದು ವಿಭಾಗಿಸಿ, ನಗೆಯಲ್ಲಿ ಆರು ಭೇದಗಳನ್ನು ಗುರುತಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರವು, ನಡುವಿನೆರಡು ಮಧ್ಯಮರವು, ಕಡೆಯೆರಡು ಅಧಮರವು. ಕೆನ್ನೆಯರಳಿ, ಹಲ್ಲು ಕಾಣದಷ್ಟು ಮೃದುವಾದುದು ಸ್ಮಿತ. ಸ್ಥಾನವಲ್ಲದ ಸ್ಥಾನದಲ್ಲಿ, ಕಣ್ಣಲ್ಲಿ ನೀರೂರಿ, ಭುಜ ತಲೆಗಳು ಅಲುಗುವಂತೆ ನಗುವುದು ಅಪಹಸಿತ. ಇಲ್ಲಿ ‘ಸ್ಥಾನವಲ್ಲದ ಸ್ಥಾನ’ ಎಂಬ ಮಾತು ಗಮನಾರ್ಹ. ಒಂದೇ ನಗೆಮಾತು ಒಬ್ಬನಲ್ಲಿ ಸಲ್ಲುತ್ತದೆ, ಇನ್ನೊಬ್ಬನಲ್ಲಿ ಸಲ್ಲುವುದಿಲ್ಲ.

ಮೋಟ್ಸಾರ್ಟನ ನಿದರ್ಶನವನ್ನೇ ಇಲ್ಲಿ ಮತ್ತೆ ತೆಗೆದುಕೊಳ್ಳಬಹುದು. 1783ರಲ್ಲಿ ಆತನು ಲಾಯ್ಟ್‌ಗೇಬ್ ಎಂಬ ಕೊಂಬುವಾದಕನಿಗಾಗಿ ರಚಿಸಿದ ಕೃತಿಯ ಹಸ್ತಪ್ರತಿಯ ಮೇಲೆ, ಕತ್ತೆಯೆಂದೂ ಎತ್ತೆಂದೂ ಮೂಢನೆಂದೂ ಅವನನ್ನು ಹಾಸ್ಯಮಾಡಿ ಬರೆದಿದ್ದಾನೆ. ಲಾಯ್ಟ್‌ಗೇಬನು ಆ ಕಾಲದ ಅಗ್ರಗಣ್ಯ ವಾದಕ, ಮೋಟ್ಸಾರ್ಟನ ಬಾಲ್ಯದಿಂದ ಪರಿಚಿತನಾದ ಆಪ್ತ. ಅತ್ಯಂತ ಕಠಿಣವಾದ ಕೃತಿಯನ್ನು ಕೈಗಿಟ್ಟು ಕತ್ತೆಯೆಂದು ಕರೆದರೆ ಅದು ಪ್ರಶಂಸೆಯ ಒಂದು ರೂಪ. ಅದೇ ಮಾತನ್ನು ನಿನ್ನೆ ಸೇರಿದ ಹುಡುಗನಿಗೆ ಹೇಳಿದರೆ ಅದು ಗಾಯ. ಪರಿಣತನ ಹಿಂದೆ ಅವನ ಸಾಧನೆಯು ಕವಚವಾಗಿ ನಿಂತಿದೆ. ಆರಂಭಿಕನಿಗೆ ಅಂತಹ ಕವಚವಿಲ್ಲ.

ಒಮ್ಮೆ ಅಪಹಾಸ್ಯಕ್ಕೆ ಗುರಿಯಾದವನು ಎರಡನೆಯ ಪ್ರಶ್ನೆಯನ್ನು ಕೇಳುವುದಿಲ್ಲ. ವಾದ್ಯವನ್ನು ತುಟಿಗಿಟ್ಟು, ಬೆರಳುಗಳನ್ನು ಮಾತ್ರ ಆಡಿಸುತ್ತ, ಊದದೆಯೇ ಸಾಲಿನಲ್ಲಿ ಕುಳಿತಿರುವುದನ್ನು ಕಲಿಯುತ್ತಾನೆ. ನಾಯಕನಿಗೆ ಇದು ಬೇಗ ತಿಳಿಯದು. ಹುಡುಗನು ಬಿಟ್ಟುಹೋದಾಗ ಮಾತ್ರ ತಿಳಿಯುತ್ತದೆ. ಮೂತಿಯ ಭಾಗವು ಕೊಳವೆಯಲ್ಲಿ ಸಿಕ್ಕಿಕೊಂಡಾಗ, ಕೇಳಲು ನಾಚಿ ಇಕ್ಕುಳದಿಂದ ತಿರುಚಿ ಬೆಲೆಬಾಳುವ ವಾದ್ಯದ ಕೊಳವೆಯನ್ನೇ ನುಲಿದವರುಂಟು. ಅದನ್ನು ಬಿಡಿಸಲೆಂದೇ ಒಂದು ಸಣ್ಣ ಉಪಕರಣವಿದೆಯೆಂದು ಪಕ್ಕದವನಿಗೆ ಗೊತ್ತಿತ್ತು. ಅಂಚು ಮುರಿದ ಪಟ್ಟಿಯಲ್ಲಿಯೇ ತಿಂಗಳುಗಟ್ಟಲೆ ಊದಿ, ತನಗೆ ವಿದ್ಯೆ ಒಲಿಯದೆಂದು ನಿರಾಶರಾದವರುಂಟು. ಅಭ್ಯಾಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು ಸಹಜವೇ ಎಂಬ ಪ್ರಶ್ನೆಯಂತೂ ನಗುವ ವಿಷಯವೇ ಅಲ್ಲ. ಅದು ಸಹಜವಲ್ಲ, ಶಬ್ದದ ಮಿತಿಮೀರಿದ ಹೊಡೆತಕ್ಕೆ ಕಿವಿಯು ಕೊಡುವ ಎಚ್ಚರಿಕೆ. ಹಾಗೆ ಕೆಟ್ಟ ಶ್ರವಣಶಕ್ತಿಯು ಮರಳಿ ಬರುವುದಿಲ್ಲ. ಅಂತಹ ಪ್ರಶ್ನೆ ಕೇಳಿಬಂದೊಡನೆ ಆಸನವನ್ನು ಬದಲಿಸುವುದು, ವಿಶ್ರಾಂತಿ ಕೊಡುವುದು, ಕಿವಿಗೆ ರಕ್ಷಣೆ ಒದಗಿಸುವುದು ನಾಯಕನ ಧರ್ಮ.

ಕನ್ನಡನಾಡಿನ ಒಂದು ನಿದರ್ಶನ

ಆರಂಭಿಕನ ಪ್ರಶ್ನೆಯು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಈ ನಾಡಿನಲ್ಲಿಯೇ ಉಜ್ವಲವಾದ ಉದಾಹರಣೆಯಿದೆ. ಮೈಸೂರು ಅರಮನೆಯು ಪಾಶ್ಚಾತ್ಯ ವಾದ್ಯವೃಂದವನ್ನೂ ಕರ್ನಾಟಕ ಸಂಗೀತದ ವೃಂದವನ್ನೂ ಜೊತೆಜೊತೆಯಾಗಿ ಪೋಷಿಸಿದ ಖ್ಯಾತಿಯುಳ್ಳದ್ದು. 1949ರಲ್ಲಿ ದಕ್ಷಿಣ ಕನ್ನಡದಲ್ಲಿ ನಾಗಸ್ವರವಾದಕರ ಮಗನಾಗಿ ಜನಿಸಿದ ಕದ್ರಿ ಗೋಪಾಲನಾಥರು ಎಳವೆಯಲ್ಲಿ ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮರುಳಾದರು. ಇದರಲ್ಲಿ ರಾಗವನ್ನು ನುಡಿಸಲಾಗದೇ ಎಂಬುದೇ ಅವರ ಪ್ರಶ್ನೆ. ಗುಂಡಿಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಡುವ ವಾದ್ಯದಲ್ಲಿ ಗಮಕವನ್ನು ತರುವುದು ಹೇಗೆಂದು ಬಲ್ಲವರು ನಗಬಹುದಾಗಿದ್ದ ಪ್ರಶ್ನೆಯದು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಿಷ್ಯವೃತ್ತಿ ಮಾಡಿ, ವರ್ಷಗಳ ಸಾಧನೆಯಿಂದ ತುಟಿ ಉಸಿರುಗಳನ್ನು ಪಳಗಿಸಿ, ಅವರು ಅದಕ್ಕೆ ಉತ್ತರವನ್ನು ಕಂಡುಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರ ವಾದನ ನಡೆಯಿತು; 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2019ರಲ್ಲಿ ಅವರು ಕಾಲವಾದರು. ಆದರೆ ಆ ಪ್ರಶ್ನೆಗೆ ದೊರೆತ ಉತ್ತರವು ಇಂದಿಗೂ ಅನೇಕ ವಾದಕರ ಉಸಿರಿನಲ್ಲಿ ನುಡಿಯುತ್ತಿದೆ.

ಶಾಲೆಗಳು ಗಮನಿಸಬೇಕಾದುದು

ಶಾಲೆಯ ವಾದ್ಯವೃಂದಕ್ಕೆ ಉದಾರಿಗಳು ವಾದ್ಯಗಳನ್ನು ದಾನಮಾಡುವುದು ಶ್ಲಾಘ್ಯ. ಆದರೆ ವಾದ್ಯವನ್ನು ಕೊಂಡ ದಿನವೇ ವೃಂದವು ಹುಟ್ಟುವುದಿಲ್ಲ. ದಂಟಿನ ಪಟ್ಟಿ, ಎಣ್ಣೆ, ದುರಸ್ತಿ, ಎಲ್ಲಕ್ಕೂ ಮಿಗಿಲಾಗಿ ಪ್ರಶ್ನೆಗೆ ಉತ್ತರಿಸಬಲ್ಲ ಒಬ್ಬ ಅಧ್ಯಾಪಕ, ಇವಕ್ಕೂ ವರ್ಷವರ್ಷ ದ್ರವ್ಯ ಬೇಕು. ಇವಿಲ್ಲದೆ ಬೀರುವಿನಲ್ಲಿ ಹಸುರುಗಟ್ಟುವ ಹಿತ್ತಾಳೆಯು ದಾನಿಗೂ ಕೀರ್ತಿಯಲ್ಲ, ಮಕ್ಕಳಿಗೂ ಲಾಭವಲ್ಲ.

ಅಧ್ಯಾಪಕರು ಅಭ್ಯಾಸದ ಕೊನೆಯಲ್ಲಿ ಹತ್ತು ನಿಮಿಷವನ್ನು ಸಂಶಯನಿವಾರಣೆಗೆಂದೇ ಮೀಸಲಿಡುವುದು ಹಿತಕರ. ಪ್ರತಿಯೊಬ್ಬ ಹೊಸಬನಿಗೂ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಜೊತೆಗಿಟ್ಟು, ಮೊದಲು ಉತ್ತರ, ಬಳಿಕ ನಗೆ ಎಂಬ ಕ್ರಮವನ್ನು ರೂಢಿಸಬೇಕು. ಹಿರಿಯನು ತನ್ನ ಮೊದಲ ದಿನಗಳ ತಪ್ಪನ್ನು ತಾನೇ ಹೇಳಿ ನಕ್ಕರೆ ಹೊಸಬನ ಅಂಜಿಕೆ ಅರ್ಧ ಕಳೆಯುತ್ತದೆ. ಹೊಸಬನಿಗೂ ಒಂದು ಧರ್ಮವುಂಟು: ಕೇಳಿದ ಉತ್ತರವನ್ನು ಮನೆಯಲ್ಲಿ ಸಾಧಿಸಿ ಬರುವುದು. ಕುಣಿಯಲಾರದವಳು ನೆಲ ಡೊಂಕೆಂದಂತೆ ವಾದ್ಯವನ್ನು ದೂರುವವನಿಗೆ ಯಾವ ಉತ್ತರವೂ ದಕ್ಕುವುದಿಲ್ಲ.

ಶ್ರುತಿ ಸೇರದ ವಾದ್ಯವನ್ನು ವೃಂದದಿಂದ ಹೊರಗೆಸೆಯುವುದು ವಾಡಿಕೆಯಲ್ಲ. ಕೊಳವೆಯನ್ನು ತುಸು ಎಳೆದೋ ಒತ್ತಿಯೋ ಸೇರಿಸಿಕೊಳ್ಳುತ್ತಾರೆ. ಮನುಷ್ಯನ ವಿಷಯದಲ್ಲಿ ಆ ಕೆಲಸವನ್ನು ಸಹನೆಯ ಉತ್ತರವೂ ಹದವರಿತ ಹಾಸ್ಯವೂ ಕೂಡಿ ಮಾಡುತ್ತವೆ. ಪ್ರಶ್ನಿಸಲು ಅಂಜದ ಕಿರಿಯರೂ, ನೋಯಿಸದೆ ನಗಿಸಬಲ್ಲ ಹಿರಿಯರೂ ಇರುವ ವೃಂದದಲ್ಲಿ ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಅಂತಹ ವೃಂದಗಳು ಶಾಲೆ ಶಾಲೆಗಳಲ್ಲಿ ಬೆಳೆಯಲಿ.